ಎರಡನೇ ಕೀಲಿಕೈ ಇಲ್ಲದ ಬೀಗ

ಅವರ ಕೊರಳಿನ ಸುತ್ತ ಬಿಸಿಲು ತಾಗದ ಒಂದು ತೆಳ್ಳನೆಯ ಗೆರೆ ಇತ್ತು. ಮುಖ, ಕತ್ತು, ಮುಂಗೈ ಎಲ್ಲವೂ ಸೌದಿಯ ಬಿಸಿಲಿಗೆ ಹುರಿದ ಕಾಫಿಬೀಜದ ಬಣ್ಣಕ್ಕೆ ತಿರುಗಿದ್ದರೂ ಆ ಗೆರೆ ಮಾತ್ರ ಊರಿನಿಂದ ಹೊರಟಾಗಿನ ಬಣ್ಣದಲ್ಲೇ ಉಳಿದಿತ್ತು. ಅದರ ಮೇಲೆ ಸದಾ ಒಂದು ಕೆಂಪು ದಾರ, ದಾರದ ತುದಿ ಅಂಗಿಯ ಒಳಗೆ. ತಬೂಕಿನ ಸೈಟಿಗೆ ಹೋದ ಹೊಸತರಲ್ಲಿ ನಾನು ಅದನ್ನು ತಾಯತ ಎಂದೇ ತಿಳಿದಿದ್ದೆ. ಒಂದು ಬೆಳಿಗ್ಗೆ ಕೇಬಲ್ ಹಾಕುವ ಕಂದಕವನ್ನು ಅವರು ಬಗ್ಗಿ ನೋಡುತ್ತಿದ್ದಾಗ ದಾರ ಹೊರಗೆ ಜಾರಿ ನೇತಾಡಿತು. ತುದಿಯಲ್ಲಿದ್ದದ್ದು ಒಂದು ಪುಟ್ಟ ಹಿತ್ತಾಳೆಯ ಕೀಲಿಕೈ.

ಅವರು ನಮ್ಮ ಎಲೆಕ್ಟ್ರಿಕಲ್ ಪ್ರಾಜೆಕ್ಟ್ ಮ್ಯಾನೇಜರ್. ಅರಬ್ಬಿಯಲ್ಲಿ ಮ್ಯಾನೇಜರಿಗೆ ಮುದೀರ್ ಎನ್ನುತ್ತಾರೆ. ಹಾಗಾಗಿ ಈಜಿಪ್ಟಿನ ಸರ್ವೇಯರನಿಂದ ಹಿಡಿದು ನೇಪಾಳದ ಹೆಲ್ಪರನವರೆಗೆ ಸೈಟಿನಲ್ಲಿ ಎಲ್ಲರಿಗೂ ಅವರು ಮುದೀರ್. ಎದುರಿಗೆ ನಾನು ಸಾಹೇಬ್ರೆ ಎನ್ನುತ್ತಿದ್ದೆ, ಹಿಂದಿನಿಂದ ನನ್ನ ಬಾಯಲ್ಲೂ ಮುದೀರೇ. ಉಪ್ಪಿನಂಗಡಿ ಕಡೆಯ ಬ್ಯಾರಿ ಮುಸಲ್ಮಾನರು. ನಾನು ಕುಂದಾಪುರದವನು. ನಮ್ಮಿಬ್ಬರಿಗೂ ಕನ್ನಡ ಮಾತಾಡಲು ಆ ಮರಳುಗಾಡಿನ ಮೂಲೆಯಲ್ಲಿ ಬೇರೆ ಗತಿ ಇರಲಿಲ್ಲ. "ನಿಮ್ಮ ಕುಂದಾಪ್ರದ ಕನ್ನಡ ಬಾಣಲೆಗೆ ಸಾಸಿವೆ ಹಾಕಿದ ಹಾಗೆ ಮಾರಾಯ, ಚಟಪಟ ಚಟಪಟ. ಸ್ವಲ್ಪ ಬೆಂಕಿ ಸಣ್ಣ ಮಾಡು" ಎಂದು ಅವರು ನನ್ನನ್ನು ಛೇಡಿಸುತ್ತಿದ್ದರು. ನನ್ನ ಬಾಯಿಯೂ ಸುಮ್ಮನಿರುವುದಲ್ಲ. "ನಿಮ್ಮದು ಬೆಂಕಿ ಹಚ್ಚುವುದಕ್ಕೇ ಅರ್ಧ ದಿನ ಬೇಕು ಸಾಹೇಬ್ರೆ" ಎನ್ನುತ್ತಿದ್ದೆ. ನಿಜಕ್ಕೂ ಅವರು ಅಷ್ಟು ನಿಧಾನದ ಮನುಷ್ಯ.

ಆ ಕೀಲಿಕೈಯ ವಿಷಯ ನನಗೆ ಸರಿಯಾಗಿ ಅರ್ಥವಾದದ್ದು ಅವರು ನನಗೂ ಒಂದು ಬೀಗ ಕೊಟ್ಟ ದಿನ. ವಿದ್ಯುತ್ತಿನ ಕೆಲಸದಲ್ಲಿ ಒಂದು ಪದ್ಧತಿ ಇದೆ. ಯಾವುದಾದರೂ ಲೈನಿನ ಮೇಲೆ ಕೈಯಿಡುವ ಮೊದಲು ಅದರ ಬ್ರೇಕರ್ ಆಫ್ ಮಾಡಿ, ಬೇರೆ ಯಾರೂ ಗೊತ್ತಿಲ್ಲದೆ ಆನ್ ಮಾಡದ ಹಾಗೆ, ಕೆಲಸ ಮಾಡುವ ಪ್ರತಿಯೊಬ್ಬನೂ ಅದಕ್ಕೆ ತನ್ನ ತನ್ನ ಬೀಗ ಜಡಿಯಬೇಕು. ಹತ್ತು ಜನ ಇದ್ದರೆ ಹತ್ತು ಬೀಗ. ಕೆಲಸ ಮುಗಿಸಿ ಹೊರಗೆ ಬಂದವನು ತನ್ನದನ್ನು ತಾನೇ ತೆಗೆಯಬೇಕು. ಕೊನೆಯ ಬೀಗ ತೆಗೆಯುವವರೆಗೆ ರಾಜ ಬಂದು ಹೇಳಿದರೂ ಕರೆಂಟು ಹರಿಯುವ ಹಾಗಿಲ್ಲ. ಇದು ಎಲ್ಲ ದೊಡ್ಡ ಕಂಪನಿಗಳಲ್ಲೂ ಇರುವ ನಿಯಮವೇ. ಮುದೀರರ ಸೈಟಿನಲ್ಲಿ ಅದಕ್ಕೊಂದು ಶಾಸ್ತ್ರವೂ ಸೇರಿಕೊಂಡಿತ್ತು. ಹೊಸ ಬೀಗದ ಜೊತೆ ಎರಡು ಕೀಲಿಕೈ ಬರುತ್ತವಲ್ಲ, ಒಂದನ್ನು ಅವರು ನನ್ನ ಅಂಗೈಯಲ್ಲಿಟ್ಟರು. ಇನ್ನೊಂದನ್ನು ಮೇಜಿನ ವೈಸಿಗೆ ಕಚ್ಚಿಸಿ, ಕಟಿಂಗ್ ಪ್ಲೈಯರಿನಿಂದ ನನ್ನ ಕಣ್ಣೆದುರೇ ತುಂಡು ಮಾಡಿ ಕಸದ ಡಬ್ಬಿಗೆ ಹಾಕಿದರು.

"ಕಳೆದುಹೋದ್ರೆ ಎಂತ ಮಾಡುದು ಸಾಹೇಬ್ರೆ?" ಎಂದೆ.

"ಕಳೀಬೇಡ" ಎಂದರು. "ನಿನ್ನ ಬೀಗ ನೀನೇ ತೆಗೀಬೇಕು. ನಾನು ತೆಗೀಲಿಕ್ಕಿಲ್ಲ, ಆ ಶೇಖ್ ತೆಗೀಲಿಕ್ಕಿಲ್ಲ. ನಿನ್ನ ಹೆಂಡ್ತಿ ಹತ್ರ ಬೇಕಾದ್ರೂ ಮನೆ ಕೀ ಕೊಡು, ಇದನ್ನು ಕೊಡ್ಬೇಡ."

ಮ್ಯಾನೇಜರ್ ಆದವರು ಹತಾರ ಹಿಡಿಯುವುದಿಲ್ಲ, ಆದ್ದರಿಂದ ಬೀಗ ಹಾಕಬೇಕಾದ ಅಗತ್ಯವೂ ಇಲ್ಲ. ಇವರು ಮಾತ್ರ ಎಲ್ಲರಿಗಿಂತ ಮೊದಲು ತಮ್ಮ ಕೆಂಪು ಬೀಗ ಜಡಿದು, ಎಲ್ಲರಿಗಿಂತ ಕೊನೆಗೆ ಕೊರಳಿನ ಆ ಕೀಲಿಕೈಯಿಂದ ತೆಗೆಯುತ್ತಿದ್ದರು. ತೆಗೆಯುವ ಮೊದಲು ಪ್ರತಿಯೊಬ್ಬನೂ ಅವರೆದುರು ಹಾದು ಮುಖ ತೋರಿಸಿ ಹೋಗಬೇಕು. "ಚೆಹರಾ ದಿಖಾವೋ, ಚೆಹರಾ" ಎಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಹುಡುಗರು ಹೆಲ್ಮೆಟ್ ತೆಗೆದು, ಮದುವೆಮನೆಯಲ್ಲಿ ಫೋಟೊಗೆ ನಿಂತವರ ಹಾಗೆ ಹಲ್ಲು ಕಿರಿದು ಹೋಗುತ್ತಿದ್ದರು. ನನಗೆ ಮೊದಮೊದಲು ಇದೆಲ್ಲ ನಾಟಕ ಅನಿಸುತ್ತಿತ್ತು. ಹಾಜರಿಗೆ ಮೇಸ್ತ್ರಿ ಇದ್ದಾನೆ, ಗೇಟಿನಲ್ಲಿ ಬೆರಳಚ್ಚು ಯಂತ್ರ ಇದೆ, ಮತ್ತೆ ಮುಖ ನೋಡುವ ಶಾಸ್ತ್ರ ಯಾಕೆ?

ಎಲೆಕ್ಟ್ರಿಕಲ್ ಪ್ರಾಜೆಕ್ಟ್ ಮ್ಯಾನೇಜರ್ ಎಂಬ ಹುದ್ದೆಯ ಹಣೆಬರಹ ಹೊರಗಿನವರಿಗೆ ಗೊತ್ತಿರುವುದಿಲ್ಲ. ಕಟ್ಟಡದವರು ಆರು ತಿಂಗಳು ತಡಮಾಡುತ್ತಾರೆ, ಎ.ಸಿ.ಯವರು ನಾವು ಕೇಬಲ್ ಹಾಕಬೇಕಾದ ಜಾಗದಲ್ಲೇ ತಮ್ಮ ಡಕ್ಟು ಕೂರಿಸುತ್ತಾರೆ, ಬಣ್ಣದವರು ಪ್ಯಾನಲಿನ ಮೇಲೆಯೇ ಬಣ್ಣ ಸುರಿಯುತ್ತಾರೆ. ಕೊನೆಯಲ್ಲಿ ಉದ್ಘಾಟನೆಯ ದಿನ ದೀಪ ಹತ್ತದಿದ್ದರೆ ಎಲ್ಲರೂ ನಮ್ಮ ಮುಖ ನೋಡುತ್ತಾರೆ. ಅಡುಗೆ ತಡವಾದರೆ ಬಡಿಸುವವನಿಗೆ ಬೈಗುಳ, ಹಾಗೆ. ಮುದೀರರ ದಿನದ ಅರ್ಧ ಭಾಗ ಈ ಬೈಗುಳ ತಿನ್ನುವುದರಲ್ಲಿ, ಇನ್ನರ್ಧ ಅದನ್ನು ಕೆಳಗಿನವರಿಗೆ ದಾಟಿಸದೆ ನುಂಗಿಕೊಳ್ಳುವುದರಲ್ಲಿ ಕಳೆಯುತ್ತಿತ್ತು. ಮೀಟಿಂಗಿನಿಂದ ಕೆಂಡದಂಥ ಮುಖ ಮಾಡಿಕೊಂಡು ಹೊರಬಂದವರು ಒಂದು ಗ್ಲಾಸು ಸುಲೈಮಾನಿ ಚಹಾ ಕುಡಿದು, ನಮ್ಮ ಹತ್ತಿರ ಬಂದು, "ಎಂತ ಇಲ್ಲ, ಸುಮ್ಮನೆ ಮಾತಾಡ್ಲಿಕ್ಕೆ ಕರ್ದದ್ದು" ಎನ್ನುತ್ತಿದ್ದರು.

ಅವರನ್ನು ದೇವರು ಮಾಡಿ ಕೂರಿಸುವ ಉದ್ದೇಶ ನನಗಿಲ್ಲ. ಡ್ರೈವಿಂಗ್ ಭಯಂಕರ, ಅವರು ಪಿಕಪ್ ಓಡಿಸಿದರೆ ಒಂಟೆಗಳೂ ರಸ್ತೆ ಬಿಟ್ಟು ನಿಲ್ಲುತ್ತಿದ್ದವು. ಯಾರನ್ನೂ ಹೊಗಳುತ್ತಿರಲಿಲ್ಲ. ಗಡ್ಡಕ್ಕೆ ಮದರಂಗಿ ಹಾಕುವ ಶುಕ್ರವಾರ ಯಾರಾದರೂ ಕೆಲಸದ ಮಾತು ತೆಗೆದರೆ ಉರಿದು ಬೀಳುತ್ತಿದ್ದರು. "ಆಗಿದೆ ಅಂತ ಕಾಣ್ತದೆ ಸಾಹೇಬ್ರೆ" ಎಂದು ಯಾರಾದರೂ ಅಂದರೋ ಮುಗಿಯಿತು. "ಹೋಗಿ ನೋಡಿ ಬಾ. ನೋಡಿದ ಮೇಲೆ ಮಾತಾಡು" ಎಂದು ಅರ್ಧ ಊಟದಿಂದ ಎಬ್ಬಿಸಿ ಓಡಿಸುತ್ತಿದ್ದರು. ನಾನು ಎಷ್ಟೋ ಸಲ ಮೊಸರನ್ನ ಕಲಸಿದ ಕೈಯಲ್ಲೇ ಎದ್ದು ಹೋಗಿದ್ದೇನೆ, ಮನಸ್ಸಿನಲ್ಲೇ ಅವರಿಗೆ ಸಹಸ್ರನಾಮ ಹೇಳಿಕೊಂಡು.

ದಿನದಲ್ಲಿ ಒಂದು ಹೊತ್ತು ಮಾತ್ರ ಅವರು ಬೇರೆ ಮನುಷ್ಯ. ಮಧ್ಯಾಹ್ನ ಊಟದ ಬಿಡುವಿಗೆ ಹುಡುಗರು ಬೀಗ ತೆಗೆದು ಹೊರಬರುವಾಗ ಊರಿನಲ್ಲಿ ಅವರ ಹೆಂಡತಿ ಸಂಜೆಯ ಕೆಲಸಕ್ಕೆ ತೊಡಗುವ ಸಮಯ. ಆಗ ಫೋನು. ಸಬ್‌ಸ್ಟೇಷನ್ನಿನ ಬಾಗಿಲಲ್ಲಿ ನಿಂತು, ಒಂದು ಕಿವಿ ಹೆಂಡತಿಗೆ, ಎರಡೂ ಕಣ್ಣು ಹುಡುಗರಿಗೆ. "ಇವತ್ತು ಎಂತ ಮೀನು? ಬಂಗುಡೆಯಾ? ಫ್ರೈಯಾ, ಸಾರಾ? ಸ್ವಲ್ಪ ತಡಿ..." ಎಂದು ನಡುವೆ ನಿಲ್ಲಿಸಿ, "ಸಬ್ ಬಾಹರ್ ಆಯಾ?" ಎಂದು ಹುಡುಗರಿಗೆ, "ಎಲ್ಲರೂ ಹೊರಗೆ ಬಂದ್ರಾ?" ಎಂದು ನನಗೆ ಕೂಗಿ, ಮುಖ ನೋಡಿ, ತಮ್ಮ ಬೀಗ ತೆಗೆದು, ಮತ್ತೆ ಮೀನಿಗೆ ವಾಪಸಾಗುತ್ತಿದ್ದರು. ಕೆಲವೊಮ್ಮೆ ವಿಡಿಯೊ ಹಾಕಿ ಕಾವಲಿಯ ಮೇಲಿನ ಮೀನನ್ನು ತೋರಿಸಲು ಹೇಳುತ್ತಿದ್ದರು. ಅದು ಚುರ್ರೆನ್ನುವುದನ್ನು ಕೇಳುತ್ತ, ಚಳಿಗಾಲವಾದರೆ ಜಾಕೆಟ್ಟಿನೊಳಗೆ ಮುದುಡಿ ನಿಂತು ನಗುತ್ತಿದ್ದರು. ಅವರು ಮಾತಾಡುತ್ತಿದ್ದದ್ದು ಬ್ಯಾರಿ ಭಾಷೆಯಲ್ಲಿ. ಮೀನಿನ ಹೆಸರುಗಳು ಮಾತ್ರ ನನಗೆ ಪೂರ್ತಿ ಅರ್ಥವಾಗುತ್ತಿದ್ದವು, ಉಳಿದದ್ದನ್ನು ಅವರೇ ಆಮೇಲೆ ಹೇಳುತ್ತಿದ್ದರು.

ಮದುವೆಯಾದಾಗಿನಿಂದ ಅವರ ಸಂಸಾರ ಹೀಗೆ ಫೋನಿನಲ್ಲೇ ನಡೆದಿತ್ತು. ಅವರ ಇಕಾಮಾದ, ಅಂದರೆ ಅಲ್ಲಿ ವಾಸಿಸುವ ಪರವಾನಗಿಯ ಮೇಲೆ ಇಂಜಿನಿಯರ್ ಎಂದೇ ಇತ್ತು, ಕುಟುಂಬ ಕರೆಸಿಕೊಳ್ಳಲು ಕಾನೂನಿನ ಅಡ್ಡಿ ಇರಲಿಲ್ಲ. ಆದರೆ ಸೈಟಿನವರಿಗೆ ಕಂಪನಿ ಕೊಡುವುದು ಕ್ಯಾಂಪಿನ ಕೋಣೆ. ಒಂದು ಸೈಟು ಮುಗಿದರೆ ಇನ್ನೊಂದು ಮೂಲೆಯ ಸೈಟು. ಫ್ಯಾಮಿಲಿ ಫ್ಲ್ಯಾಟು ಸಿಗುವುದು ದಮ್ಮಾಮಿನ ಹೆಡ್ ಆಫೀಸಿನಲ್ಲಿ ಕೂರುವವರಿಗೆ ಮಾತ್ರ. ತಬೂಕಿನ ಕೆಲಸ ಮುಗಿಯುತ್ತಲೇ ಅವರನ್ನು ಅಲ್ಲಿಗೆ ಆಪರೇಷನ್ಸ್ ಮ್ಯಾನೇಜರ್ ಆಗಿ ಕರೆಸಿಕೊಳ್ಳುವುದೆಂದು ಜನರಲ್ ಮ್ಯಾನೇಜರ್ ಬಾಯಿಬಿಟ್ಟು ಹೇಳಿದ್ದರು. ಹೆಣ್ಣುಮಕ್ಕಳಿಬ್ಬರಿಗೂ ಮದುವೆಯಾಗಿತ್ತು, ಇನ್ನು ಗಂಡ ಹೆಂಡತಿ ಒಂದೇ ಸೂರಿನ ಕೆಳಗೆ ಇರುವುದಷ್ಟೇ ಬಾಕಿ. ಊರಿನಲ್ಲಿ ಅವರ ಹೆಂಡತಿ ಬ್ಯಾಗು ಕಟ್ಟತೊಡಗಿದ್ದರು. "ತುರಿಮಣೆ ತರ್ತಾಳಂತೆ ಮಾರಾಯ! ಅಲ್ಲಿ ತೆಂಗಿನಕಾಯಿ ತುರಿ ಪ್ಯಾಕೆಟಲ್ಲಿ ಸಿಗ್ತದೆ ಅಂದ್ರೆ, ಪ್ಯಾಕೆಟಿನ ತುರಿಯ ಸಾರು ನೀವೇ ತಿನ್ನಿ ಅಂತಾಳೆ" ಎಂದು ಅವರು ನನಗೆ ದೂರು ಹೇಳುವಾಗ ಮುಖವೆಲ್ಲ ಅರಳಿರುತ್ತಿತ್ತು.

ತಬೂಕಿನಲ್ಲಿ ನಾವು ಕಟ್ಟುತ್ತಿದ್ದದ್ದು ಹಣ್ಣು ತರಕಾರಿಯ ಒಂದು ದೊಡ್ಡ ಶೀತಲ ಗೋದಾಮು. ಸೌದಿ ಎಂದರೆ ಬರೀ ಮರಳು ಎಂದುಕೊಂಡವರು ತಬೂಕು ನೋಡಬೇಕು. ಆಲೂಗಡ್ಡೆ, ದ್ರಾಕ್ಷಿ, ಪೀಚ್ ಹಣ್ಣು, ಹೂವು ಎಲ್ಲ ಬೆಳೆಯುತ್ತಾರೆ. ಗೋದಾಮಿನ ಟ್ರಾನ್ಸ್‌ಫಾರ್ಮರಿಗೆ ಮೊದಲ ಸಲ ಕರೆಂಟು ಬಿಡುವ ದಿನ ಗೊತ್ತಾಯಿತು. ದಮ್ಮಾಮಿನಿಂದ ಜನರಲ್ ಮ್ಯಾನೇಜರ್ ಬಂದರು, ಗೋದಾಮಿನ ಮಾಲೀಕ ಶೇಖ್ ತನ್ನ ಬಂಧುಬಳಗದೊಂದಿಗೆ ಬಂದ. ಅಂಗಳದಲ್ಲಿ ಕಂಬಳಿ ಹಾಸಿ, ಖರ್ಜೂರ ಮತ್ತು ಏಲಕ್ಕಿ ಹಾಕಿದ ಅರಬ್ಬಿ ಕಾಫಿ ಗಹ್ವಾ ಇಟ್ಟರು. ಹೊರಗೆ ಪೀಚ್ ಹಣ್ಣಿನ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ನಾವು ಸ್ವಿಚ್ ರೂಮಿಗೆ ಹೋಗಿ ಬೀಗಗಳನ್ನು ಒಂದೊಂದಾಗಿ ತೆಗೆದೆವು. ನನ್ನದು ತೆಗೆದೆ, ಫೋರ್‌ಮನ್ನನದು ತೆಗೆದಾಯಿತು. ಮುದೀರರ ಕೆಂಪು ಬೀಗದ ಪಕ್ಕದಲ್ಲಿ ಇನ್ನೊಂದು ಉಳಿದಿತ್ತು.

ಅದು ಕೇಬಲಿನ ತುದಿಗಳನ್ನು ಬೆಸೆಯುವ ನಮ್ಮ ಜಾಯಿಂಟರನದು. ಪೇಶಾವರದ ಕಡೆಯ ಪಠಾಣ, ಅಪ್ಪಟ ಕೆಲಸಗಾರ. ಹಿಂದಿನ ಸಂಜೆ ತಂಗಿಯ ಮದುವೆಗೆಂದು ರಜೆಯ ಮೇಲೆ ಹೊರಟವನು ಗಡಿಬಿಡಿಯಲ್ಲಿ ಬೀಗ ಬಿಟ್ಟು ಹೋಗಿದ್ದ. ಬೀಗ ತಬೂಕಿನಲ್ಲಿ, ಅದರ ಕೀಲಿಕೈ ಅವನ ಸಲ್ವಾರಿನ ಜೇಬಿನೊಳಗೆ ಆಕಾಶದಲ್ಲಿ. ಎರಡನೆಯ ಕೀಲಿಕೈಯನ್ನು ಮುದೀರರೇ ಎಂದೋ ತುಂಡು ಮಾಡಿದ್ದರು.

ಕತ್ತರಿಸಿದರಾಯಿತು, ಬೋಲ್ಟ್ ಕಟರ್ ಇದೆ. ಆದರೆ ನಮ್ಮ ಕಂಪನಿಯ ನಿಯಮದಲ್ಲೇ ಒಂದು ಮಾತಿತ್ತು: ಬೀಗದ ಧಣಿ ಸೈಟಿನಲ್ಲಿ ಇಲ್ಲವೆಂದು ಖಚಿತ ಮಾಡಿಕೊಂಡು, ಅವನ ಜೊತೆ ಮಾತಾಡಿ, ಆಮೇಲೆ ಕತ್ತರಿಸಬೇಕು. ಮುದೀರರು ಅವನ ಫೋನಿಗೆ ಕರೆ ಮಾಡಿದರು. ಸ್ವಿಚ್ ಆಫ್. ಮತ್ತೆ ಮಾಡಿದರು. ಆಮೇಲೆ ಕೈಕಟ್ಟಿ ನಿಂತುಬಿಟ್ಟರು.

ಜನರಲ್ ಮ್ಯಾನೇಜರ್ ಕೆಟ್ಟವರಲ್ಲ, ಹೊರಗೆ ಕೂತ ಅತಿಥಿಗಳ ಬಿಸಿ ಅವರಿಗೆ ತಾಗುತ್ತಿತ್ತು. "ಅವನು ವಿಮಾನದಲ್ಲಿದ್ದಾನೆ. ವಿಮಾನದಲ್ಲಿರುವವನು ನಿನ್ನ ಪ್ಯಾನಲಿನೊಳಗೆ ಇರಲು ಸಾಧ್ಯವೇ? ಯಲ್ಲಾ, ಕತ್ತರಿಸು" ಎಂದರು.

"ಅವನು ಒಳಗಿಲ್ಲ, ಸರಿ" ಎಂದರು ಮುದೀರರು. "ಆದರೆ ಬೀಗ ಯಾಕೆ ಬಿಟ್ಟು ಹೋದ ಅಂತ ನನಗೆ ಗೊತ್ತಿಲ್ಲ. ಮರೆತು ಬಿಟ್ಟನೋ, ಜಾಯಿಂಟಿನಲ್ಲಿ ಏನಾದರೂ ಬಾಕಿ ಇದೆ ಅಂತ ಬಿಟ್ಟನೋ. ಅದನ್ನು ಅವನೇ ಹೇಳಬೇಕು."

ನಾನು ಹಿಂದಿನ ದಿನವೇ ಆ ಕೇಬಲಿನ ಪರೀಕ್ಷೆಗಳನ್ನೆಲ್ಲ ಮಾಡಿದ್ದೆ. ಎಲ್ಲವೂ ಸರಿಯಾಗಿತ್ತು. ಜನರಲ್ ಮ್ಯಾನೇಜರ್ ಕೇಳಿದಾಗ ಹಾಗೆಯೇ ಹೇಳಿದೆ. ಅವರ ಬೇಡಿಕೆಯ ಮೇಲೆ ಮತ್ತೊಮ್ಮೆ ಪರೀಕ್ಷೆ ಮಾಡಿದೆ, ಮತ್ತೆ ಸರಿ. ಮುದೀರರು ನನ್ನ ಮಾತು ನಂಬಿದರು, ಆದರೂ ಕದಲಲಿಲ್ಲ. ನನಗೆ ಸಿಟ್ಟು ಬಂತು. ಅವರನ್ನು ಪಕ್ಕಕ್ಕೆ ಕರೆದು ಹೇಳಿದೆ:

"ಸಾಹೇಬ್ರೆ, ನಿಮ್ಗೆ ಮರ್ಳಾ? ದಮ್ಮಾಮಿನ ಪೋಸ್ಟು ಹೋಯ್ತದೆ. ಮನೆಯವ್ರು ಬ್ಯಾಗ್ ಕಟ್ಟಿ ಕೂತಿದ್ದಾರೆ. ಒಂದು ಬೀಗಕ್ಕಾಯಿ ಯಾರಾದ್ರೂ ಹೀಗೆ ಮಾಡ್ತಾರಾ?"

"ಗೊತ್ತುಂಟು ಮಾರಾಯ" ಎಂದರು. ಕೊರಳಿನ ಕೆಂಪು ದಾರವನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತರು. "ಇವತ್ತು ನಾನು ಅವನ ಬೀಗ ಕತ್ತರಿಸಿದ್ರೆ, ನಾಳೆಯಿಂದ ಇವರು ಯಾರೂ ತಮ್ಮ ಬೀಗ ನಂಬ್ಲಿಕ್ಕಿಲ್ಲ. ದೊಡ್ಡವರು ಬಂದ್ರೆ ಮುದೀರ್ ಕತ್ತರಿಸ್ತಾನೆ ಅಂತ ಗೊತ್ತಾದ ಮೇಲೆ ಬೀಗ ಯಾಕೆ ಹಾಕ್ತಾರೆ, ಹೇಳು?"

ಬಾಗಿಲಲ್ಲಿ ನಮ್ಮ ಹುಡುಗರೆಲ್ಲ ಗುಂಪುಗೂಡಿ ನಿಂತಿದ್ದರು. ಕನ್ನಡ ಅವರಿಗೆ ಬಾರದು. ಆದರೂ ಎಲ್ಲರೂ ಅವರ ಮುಖವನ್ನೇ ನೋಡುತ್ತಿದ್ದರು.

ಗಹ್ವಾ ಎರಡು ಸಲ ಬಂತು. ಮಧ್ಯಾಹ್ನದ ನಮಾಜು ಆಯಿತು, ಮಾಲೀಕ ಊಟಕ್ಕೆಂದು ಎದ್ದವನು ವಾಪಸು ಬರಲಿಲ್ಲ. ಲಾರಿಗಳನ್ನು ಬೇರೆ ಗೋದಾಮಿಗೆ ಕಳಿಸಿದರು. ಜನರಲ್ ಮ್ಯಾನೇಜರ್ ಮುದೀರರ ಕೈಕುಲುಕದೆ ವಿಮಾನ ನಿಲ್ದಾಣಕ್ಕೆ ಹೊರಟರು. ಇಳಿಹೊತ್ತಿನ ಅಸರ್ ನಮಾಜು ಕಳೆದ ಮೇಲೆ ಪಠಾಣನೇ ಪೇಶಾವರದಿಂದ ಫೋನ್ ಮಾಡಿದ. ಮುದೀರರು ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದರು. "ಮಾಫ್ ಕರನಾ ಮುದೀರ್ ಸಾಬ್. ಕಾಮ್ ಪೂರಾ ಹೈ. ತಾಲಾ ನಿಕಾಲ್‌ನಾ ಭೂಲ್ ಗಯಾ." ಕೆಲಸ ಮುಗಿದಿತ್ತು, ಬೀಗ ತೆಗೆಯಲು ಮರೆತಿದ್ದ, ಅಷ್ಟೇ. ಹಿಂದೆ ಮದುವೆಮನೆಯ ಡೋಲು ಕೇಳಿಸುತ್ತಿತ್ತು. ಮುದೀರರು ಅವನ ತಂಗಿಗೆ ದುವಾ ಹೇಳಿ, ಕಟರ್ ತೆಗೆದುಕೊಂಡು ತಾವೇ ಬೀಗ ಕತ್ತರಿಸಿದರು. ಕರೆಂಟು ಬಿಟ್ಟೆವು. ಟ್ರಾನ್ಸ್‌ಫಾರ್ಮರ್ ಗುಂಯ್ ಎಂದಿತು. ಏನೂ ಆಗಲಿಲ್ಲ.

ಓದುವವರು ಇಲ್ಲಿ ಬೇರೆ ಏನನ್ನೋ ನಿರೀಕ್ಷಿಸಿರಬಹುದು. ಜಾಯಿಂಟಿನಲ್ಲಿ ದೋಷ ಸಿಕ್ಕಿ, ಯಾರದೋ ಪ್ರಾಣ ಉಳಿದು, ಮುದೀರರು ಗೆದ್ದರು ಎಂದು ಬರೆಯಲು ನನಗೂ ಆಸೆಯಿದೆ. ಹಾಗಾಗಲಿಲ್ಲ. ಬೆಳಿಗ್ಗೆಯೇ ಕತ್ತರಿಸಿದ್ದರೂ ಏನೂ ಆಗುತ್ತಿರಲಿಲ್ಲ. ದಮ್ಮಾಮಿನ ಹುದ್ದೆ ಬೇರೊಬ್ಬರಿಗೆ ಹೋಯಿತು, ಮುದೀರರನ್ನು ದಕ್ಷಿಣದ ಗಡಿಯ ನಜ್ರಾನಿಗೆ ನೀರಿನ ಪಂಪ್‌ಹೌಸುಗಳ ರಿಪೇರಿ ಕೆಲಸಕ್ಕೆ ಕಳಿಸಿದರು. ಅವರಂಥ ಅನುಭವಿಗೆ ಅದು ಸಣ್ಣ ಕೆಲಸ, ಸಣ್ಣ ಕ್ಯಾಂಪು. "ಮನೆಯಲ್ಲಿ ಎಂತ ಹೇಳಿದ್ರಿ?" ಎಂದು ಕೇಳಿದೆ. "ಬರುದು ಸ್ವಲ್ಪ ತಡ ಆಗ್ತದೆ ಅಂತ" ಎಂದರು. ಆ ವಾರವಿಡೀ ಮಧ್ಯಾಹ್ನದ ಫೋನು ಬೇಗ ಬೇಗ ಮುಗಿಯುತ್ತಿತ್ತು. ಮೀನಿನ ಹೆಸರು ಕೇಳಿಸಲಿಲ್ಲ.

ರಜೆ ಮುಗಿಸಿ ಬಂದ ಪಠಾಣ ಒಂದು ಚೀಲ ಅಕ್ರೋಟು ಮತ್ತು ಆ ಅನಾಥ ಕೀಲಿಕೈ ಹಿಡಿದುಕೊಂಡು ಮುದೀರರ ಎದುರು ತಲೆ ತಗ್ಗಿಸಿ ನಿಂತ. ತನ್ನಿಂದ ಏನು ಹೋಯಿತೆಂದು ಅವನಿಗೆ ಅಷ್ಟರಲ್ಲಿ ಗೊತ್ತಾಗಿತ್ತು. ಇವರು ಬೈಯಲಿಲ್ಲ. ಅಕ್ರೋಟು ಎಲ್ಲರಿಗೂ ಹಂಚಿ, ಡ್ರಾಯರಿನಿಂದ ಹೊಸ ಬೀಗ ತೆಗೆದು, ಒಂದು ಕೀಲಿಕೈ ಅವನಿಗೆ ಕೊಟ್ಟು, ಇನ್ನೊಂದನ್ನು ಎಂದಿನಂತೆ ಅವನೆದುರೇ ತುಂಡು ಮಾಡಿದರು. ಅವರು ನಜ್ರಾನಿಗೆ ಹೊರಟಾಗ ಪಠಾಣ ಕೇಳಿಕೊಂಡು ಜೊತೆಗೇ ಹೋದ. ಕೆಲವು ತಿಂಗಳ ಮೇಲೆ ನಾನೂ ವರ್ಗ ಕೇಳಿದೆ. ತಬೂಕಿನ ಹೊಸ ಮ್ಯಾನೇಜರ್ ಬುದ್ಧಿವಂತ, ಚುರುಕು, ನಗುಮುಖದವನು. ಆದರೆ ಅವನ ಕೈಕೆಳಗೆ ಪ್ಯಾನಲಿನ ಬಾಗಿಲು ತೆರೆಯುವಾಗ ನನಗೆ ಒಂದು ಕ್ಷಣ ಕೈ ಹಿಂಜರಿಯುತ್ತಿತ್ತು. ಮೊದಲು ಹಾಗಾಗುತ್ತಿರಲಿಲ್ಲ. ನಾನು ನಜ್ರಾನಿಗೆ ಹೋದದ್ದು ಆ ಒಂದು ಕಾರಣಕ್ಕೆ.

ಅಲ್ಲಿ ಒಂದು ದಿನ ಕೇಳಿಯೇಬಿಟ್ಟೆ. "ಸಾಹೇಬ್ರೆ, ಹಿಂದೆ ಯಾವಾಗ್ಲಾದ್ರೂ ನಿಮ್ಮ ಸೈಟಲ್ಲಿ ಯಾರಾದ್ರೂ ಶಾಕ್ ಹೊಡ್ದು ಸತ್ತದ್ದುಂಟಾ? ಅದಕ್ಕೇ ನಿಮ್ಗೆ ಇಷ್ಟು ಹಟವಾ?"

ಅವರು ಬಾಯಲ್ಲಿದ್ದ ಖುಬ್ಬೂಸ್ ರೊಟ್ಟಿಯನ್ನು ನಿಧಾನಕ್ಕೆ ಅಗಿದು ನುಂಗಿದರು. "ಇಲ್ಲ, ಅಲ್ಲಾಹನ ದಯ. ಒಬ್ಬ ಸತ್ತ ಮೇಲೇ ಕಲೀಬೇಕು ಅಂತ ಉಂಟಾ ಮಾರಾಯ? ಸಾಯದೆ ಕಲೀಲಿಕ್ಕೆ ಆಗುದಿಲ್ವಾ?" ಎಂದರು.

ತಬೂಕಿನ ಆ ದಿನದ ಬಗ್ಗೆ ನನಗೆ ಇಂದಿಗೂ ಪೂರ್ತಿ ಒಪ್ಪಿಗೆ ಇಲ್ಲ. ಅವರು ಕತ್ತರಿಸಬಹುದಿತ್ತು ಎಂದು ನನ್ನ ತಲೆ ಹೇಳುತ್ತದೆ. ಆದರೆ ಅವರ ಬೀಗದ ಪಕ್ಕದಲ್ಲಿ ನನ್ನ ಬೀಗ ಜಡಿದು ಒಳಗೆ ಹೋದಾಗಲೆಲ್ಲ ನಾನು ತಾಯಿಮನೆಗೆ ಹೋದಷ್ಟು ನಿಶ್ಚಿಂತೆಯಿಂದ ಕೆಲಸ ಮಾಡಿದ್ದೇನೆ. ಅದಕ್ಕೆ ಬೆಲೆ ತೆತ್ತವರು ಯಾರೆಂದು ನನಗೆ ಗೊತ್ತಿತ್ತು.

ನಜ್ರಾನಿನ ಹೊರವಲಯದ ಒಂದು ಪಂಪ್‌ಹೌಸಿನಲ್ಲಿ ಹಳೆಯ ಪ್ಯಾನಲ್ ಬದಲಿಸುತ್ತಿದ್ದೆವು. ಬೆಳಿಗ್ಗೆ ಎಂದಿನಂತೆ ಅವರ ಕೆಂಪು ಬೀಗ ಮೊದಲು ಬಿತ್ತು, ಹಿಂದೆ ನಮ್ಮದು. ಬಿಸಿಲು ಏರುವ ಹೊತ್ತಿಗೆ ಅವರು ಹೊರಗಿನ ಕುರ್ಚಿಯಲ್ಲಿ ಕೂತು ಎದೆಯನ್ನು ಅಂಗೈಯಿಂದ ಒತ್ತಿಕೊಂಡರು. "ಗ್ಯಾಸ್, ಬೇರೆಂತ ಅಲ್ಲ" ಎಂದರು. ಪಠಾಣ ಅವರನ್ನು ಮಗುವಿನಂತೆ ಎತ್ತಿ ಪಿಕಪ್ಪಿನಲ್ಲಿ ಮಲಗಿಸಿದ. ನಾನು ಓಡಿಸಿದೆ. ದಾರಿಯಲ್ಲಿ ಅವರು ಕೇಳಿದ್ದು ಒಂದೇ ಮಾತು: "ಹುಡುಗ್ರು ಹೊರಗೆ ಬಂದ್ರಾ?" ಬಂದರು ಎಂದೆ. ಆಸ್ಪತ್ರೆಯಲ್ಲಿ ಡಾಕ್ಟರು ತಮ್ಮಿಂದಾದ ಪ್ರಯತ್ನವನ್ನೆಲ್ಲ ಮಾಡಿದರು. ಮಧ್ಯಾಹ್ನ, ಊರಿಗೆ ಫೋನು ಮಾಡುವ ಹೊತ್ತಿಗೆ, ಅವರು ಇರಲಿಲ್ಲ.

ಕಾಗದಪತ್ರ ಮುಗಿಯಲು ದಿನಗಳೇ ಹಿಡಿದವು. ಮನೆಯವರ ಒಪ್ಪಿಗೆಯ ಮೇಲೆ ನಜ್ರಾನಿನಲ್ಲೇ ದಫನ ಮಾಡಿದೆವು. ನಾನು ಖಬರಸ್ತಾನದ ಗೇಟಿನ ಹೊರಗೆ ನಿಂತಿದ್ದೆ, ಒಳಗೆ ಹೋಗಬಹುದೋ ಬಾರದೋ ತಿಳಿಯದೆ. ಪಠಾಣ ಹೊರಗೆ ಬಂದು ನನ್ನ ರಟ್ಟೆ ಹಿಡಿದು ಕರೆದುಕೊಂಡು ಹೋದ. ಅವನು ತೋರಿಸಿಕೊಟ್ಟ ಹಾಗೆ ಮೂರು ಹಿಡಿ ಮಣ್ಣು ಹಾಕಿದೆ. ನನ್ನ ತಂದೆಗೆ ಕೊಳ್ಳಿಯಿಡಲು ಸಮಯಕ್ಕೆ ಊರು ತಲುಪಲಾಗಿರಲಿಲ್ಲ. ಅಂದಿನ ಅಳುವನ್ನೂ ಸೇರಿಸಿ ಅಲ್ಲಿ ಅತ್ತೆ.

ಆಸ್ಪತ್ರೆಯವರು ಕೊಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಅವರ ವಾಚು, ಕನ್ನಡಕ, ಮತ್ತು ಕೀಲಿಕೈ ಸಮೇತ ಆ ಕೆಂಪು ದಾರ ಇತ್ತು. ಬೀಗ ಇನ್ನೂ ಪಂಪ್‌ಹೌಸಿನ ಬ್ರೇಕರಿನ ಮೇಲೇ ಇತ್ತು. ಆ ಪಂಪಿನ ನೀರು ನಂಬಿದ ಬಡಾವಣೆಗೆ ಟ್ಯಾಂಕರಿನಲ್ಲಿ ನೀರು ಹೋಗುತ್ತಿತ್ತು, ಹೆಚ್ಚು ದಿನ ಹಾಗೆ ನಡೆಸುವಂತಿರಲಿಲ್ಲ. ಜವಾಬ್ದಾರಿ ಈಗ ನನ್ನದು. ಹೆಡ್ ಆಫೀಸಿಗೆ ಫೋನ್ ಮಾಡಿದಾಗ ಸರಳವಾಗಿ ಹೇಳಿದರು: "ಕೀಲಿಕೈ ನಿನ್ನ ಹತ್ತಿರವೇ ಇದೆಯಲ್ಲ, ತೆಗೆ." ಹೌದು, ಇತ್ತು. ಕತ್ತರಿಸಬೇಕಾದ ತೊಂದರೆಯೂ ಇರಲಿಲ್ಲ. ಉಳಿದಿದ್ದ ಕೆಲಸವನ್ನು ನಾವು ಮುಗಿಸಿದ್ದೆವು, ಪರೀಕ್ಷೆ ಆಗಿತ್ತು, ನಮ್ಮ ಬೀಗಗಳನ್ನೂ ತೆಗೆದಾಗಿತ್ತು. ಕೀಲಿಕೈಯನ್ನು ಬೀಗದವರೆಗೆ ಒಯ್ದೆ. ಕೈ ಮುಂದೆ ಹೋಗಲಿಲ್ಲ. ಬೀಗದ ಧಣಿಯ ಜೊತೆ ಮಾತಾಡಬೇಕು ಎಂದು ಇಷ್ಟು ವರ್ಷ ನನ್ನ ಕಿವಿಗೆ ಊದಿದವರು ಅವರೇ. ಈಗ ಯಾರ ಜೊತೆ ಮಾತಾಡಲಿ?

ಪಠಾಣ ನನ್ನ ಹಿಂದೆ ನಿಂತಿದ್ದ. "ಭಾಭಿಯನ್ನು ಕೇಳಿ" ಎಂದ ಮೆಲ್ಲಗೆ, ತನ್ನ ಹಿಂದಿಯಲ್ಲಿ.

ಅವರ ಹೆಂಡತಿಯ ಜೊತೆ ನಾನು ಸಾವಿನ ಸುದ್ದಿ ಹೇಳಿದ ದಿನ ಮಾತ್ರ ಮಾತಾಡಿದ್ದು. ಫೋನ್ ಮಾಡಿದೆ. ಬೀಗದ ವಿಷಯ ಹೇಗೆ ಹೇಳುವುದೆಂದು ತಡವರಿಸಿದೆ. ಅವರೇ ಕೈಹಿಡಿದು ದಾಟಿಸಿದರು.

"ನನಗೆ ಗೊತ್ತುಂಟು ಅಣ್ಣ. ಕೆಂಪು ಬೀಗ. ತಬೂಕಿನದ್ದೂ ಗೊತ್ತುಂಟು. ನಾನು ಬ್ಯಾಗ್ ಕಟ್ಟಿ ಆಗಿತ್ತಲ್ಲ. ಸಿಟ್ಟಲ್ಲಿ ಒಂದು ವಾರ ಸರಿ ಮಾತಾಡ್ಲಿಲ್ಲ ನಾನು. ಮತ್ತೆ ಇವರು ಹೇಳಿದ್ರು, ಆ ಹುಡುಗರಿಗೂ ಊರಲ್ಲಿ ನಿನ್ನ ಹಾಗೆ ಫೋನಿಗೆ ಕಾಯುವವರು ಇದ್ದಾರೆ ಅಂತ. ಅದಕ್ಕೆ ನಾನು ಎಂತ ಹೇಳುದು?"

ಆಮೇಲೆ ನಾನು ಕೇಳಿದೆ: "ಅಕ್ಕ, ಬೀಗ ತೆಗೀಲಾ?"

ಅವರು ತಕ್ಷಣ ಹೂಂ ಎನ್ನಲಿಲ್ಲ. ಸಾವಿರ ಮಧ್ಯಾಹ್ನ ಫೋನಿನ ಆ ತುದಿಯಲ್ಲಿ, ಮೀನಿನ ಮಾತಿನ ನಡುವೆ, ಕಾದು ಕೂತು ಕೇಳಿಸಿಕೊಂಡಿದ್ದ ಮಾತನ್ನು ಅವರು ನನಗೆ ಕೇಳಿದರು.

"ಎಲ್ಲರೂ ಹೊರಗೆ ಬಂದ್ರಾ?"

ಪಂಪ್‌ಹೌಸಿನ ಒಳಗೆ ಆಗ ಯಾರೂ ಇರಲಿಲ್ಲ, ಅದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ, "ನೋಡಿ ಹೇಳ್ತೇನೆ ಅಕ್ಕ, ಇಡ್ಬೇಡಿ" ಎಂದು ಫೋನನ್ನು ಹಾಗೇ ಹಿಡಿದುಕೊಂಡು ಒಳಗೆಲ್ಲ ಒಂದು ಸುತ್ತು ನಡೆದು ಬಂದೆ. ಬಾಗಿಲಲ್ಲಿ ನಿಂತು ಹುಡುಗರನ್ನು ಕರೆದೆ. ಹೇಳಿಕೊಡಬೇಕಾಗಲಿಲ್ಲ; ಹೆಲ್ಮೆಟ್ ತೆಗೆದು ಒಬ್ಬೊಬ್ಬರೇ ನನ್ನೆದುರು ಹಾದುಹೋದರು. ಯಾರೂ ನಗಲಿಲ್ಲ. ಕೊನೆಯವನಾಗಿ ಬಂದ ಪಠಾಣ ಫೋನಿನ ಹತ್ತಿರ ಬಾಗಿ, "ಸಬ್ ಬಾಹರ್ ಹೈ, ಭಾಭಿ" ಎಂದ.

"ಹಾಗಾದ್ರೆ ತೆಗೀರಿ" ಎಂದರು ಅವರು.